ಕಾನೂನಿನ ಬಾಗಿಲಿನಿಂದ ಬಂದ ಸರ್ವಾಧಿಕಾರಿ

1972ರ ಸೆಪ್ಟೆಂಬರ್ 23, ಶನಿವಾರ. ಬೆಳಿಗ್ಗೆ ಎದ್ದು ರೇಡಿಯೊ ಹಾಕಿದ ಮನಿಲಾದ ಜನರಿಗೆ ಗೊರಗೊರ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಟೀವಿಯಲ್ಲಿ ಚಿತ್ರವಿಲ್ಲ, ಬಾಗಿಲಿಗೆ ಪತ್ರಿಕೆ ಬರಲಿಲ್ಲ. ಸಂಜೆ ಏಳು ದಾಟಿದ ಮೇಲೆ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಟೀವಿಯಲ್ಲಿ ಕಾಣಿಸಿಕೊಂಡು, ಇಡೀ ಫಿಲಿಪೀನ್ಸ್‌ನಲ್ಲಿ ಮಾರ್ಷಲ್ ಲಾ ಜಾರಿಗೆ ಬಂದಿದೆ ಎಂದು ಘೋಷಿಸಿದ. ಅಷ್ಟು ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ನಡುರಾತ್ರಿ ಹೋಟೆಲೊಂದರಲ್ಲಿ ಸುಂಕದ ಮಸೂದೆಯ ಬಗ್ಗೆ ಸಭೆ ನಡೆಸುತ್ತಿದ್ದ ವಿರೋಧ ಪಕ್ಷದ ಸೆನೆಟರ್ ಬೆನಿಗ್ನೊ ಅಕಿನೊ ಅವರನ್ನು ಸೈನಿಕರು ಅಲ್ಲಿಂದಲೇ ಕರೆದೊಯ್ದಿದ್ದರು. ಸೆನೆಟರ್ ಹೋಸೆ ಡಿಯೊಕ್ನೊ, ಸಂಪಾದಕರು, ಪ್ರಕಾಶಕರು, ಕಾರ್ಮಿಕ ನಾಯಕರು, ವಿದ್ಯಾರ್ಥಿ ಮುಖಂಡರು ಬೆಳಗಾಗುವುದರೊಳಗೆ ಸೇನಾ ಶಿಬಿರ ಸೇರಿದ್ದರು.

ಮಾರ್ಕೋಸ್ ದಂಡು ಕಟ್ಟಿಕೊಂಡು ಅರಮನೆಗೆ ನುಗ್ಗಿದ ಸೇನಾಪತಿಯಲ್ಲ. ಆತ ವಕೀಲ, 1965ರಲ್ಲಿ, ಮತ್ತೆ 1969ರಲ್ಲಿ ಜನರ ಮತ ಪಡೆದು ಅಧ್ಯಕ್ಷನಾದವನು. ಅವನ ದೇಶಕ್ಕೆ 1935ರಿಂದ ಲಿಖಿತ ಸಂವಿಧಾನವಿತ್ತು. ಎರಡು ಸದನದ ಕಾಂಗ್ರೆಸ್, ಸುಪ್ರೀಂ ಕೋರ್ಟ್, ಸರದಿಯ ಮೇಲೆ ಅಧಿಕಾರಕ್ಕೆ ಬರುವ ಎರಡು ಪಕ್ಷ, ಯಾರನ್ನೂ ಬಿಡದೆ ಬೈಯುವ ಪತ್ರಿಕೆಗಳು, ಎಲ್ಲವೂ ಇದ್ದವು. ಮ್ಯಾಗ್ಸೆಸೆ ಪ್ರಶಸ್ತಿಯ ಹೆಸರಿನ ಮೂಲಕ ನಾವು ಬಲ್ಲ ದೇಶವಿದು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಆ ಪ್ರಶಸ್ತಿ ಬಂತು. ಅದಕ್ಕೆ ಹೆಸರು ಕೊಟ್ಟ ರಮೋನ್ ಮ್ಯಾಗ್ಸೆಸೆ ಜನಪ್ರಿಯ ಅಧ್ಯಕ್ಷ. 1957ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿಟ್ಟಿದ್ದ ಸೇನಾ ಶಿಬಿರದಲ್ಲೇ 1973ರಲ್ಲಿ ಅಕಿನೊ ಮತ್ತು ಡಿಯೊಕ್ನೊ ಅವರನ್ನು ಏಕಾಂತ ಸೆರೆಯಲ್ಲಿ ಇಡಲಾಯಿತು. ಒಂದು ದೇಶ ಹದಿನಾರು ವರ್ಷಗಳಲ್ಲಿ ಎಲ್ಲಿಂದ ಎಲ್ಲಿಗೆ ಇಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಸೇನಾಪತಿಯೊಬ್ಬ ಟ್ಯಾಂಕ್ ತಂದು ಅಧಿಕಾರ ಹಿಡಿದರೆ ಹೇಗೆ ಹಿಡಿದ ಎಂದು ವಿವರಿಸುವ ಅಗತ್ಯವೇ ಇಲ್ಲ. ಮತಪೆಟ್ಟಿಗೆ, ನ್ಯಾಯಾಲಯ, ಪತ್ರಿಕೆ ಎಲ್ಲ ಇದ್ದ ನಾಡಿನಲ್ಲಿ ಒಬ್ಬನೇ ಮನುಷ್ಯ ಇಪ್ಪತ್ತು ವರ್ಷ ಕೂತದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕು. ನಾನು ಕಂಡುಕೊಂಡಿರುವುದು ಇಷ್ಟು: ಮಾರ್ಕೋಸ್ ಯಾವ ಹಂತದಲ್ಲೂ ಒಬ್ಬನೇ ಇರಲಿಲ್ಲ. ಪ್ರತಿ ಹೆಜ್ಜೆಗೂ ಯಾರದೋ ಒಂದು ಸಹಿ ಬೇಕಿತ್ತು, ಆ ಸಹಿ ಅವನಿಗೆ ಸಿಕ್ಕಿತು. ಹಾಕಿದವರಲ್ಲಿ ಕೆಲವರು ಆಸೆಗೆ ಹಾಕಿದರು, ಕೆಲವರು ಹೆದರಿ ಹಾಕಿದರು. ತಾನು ಹಾಕದಿದ್ದರೂ ಇನ್ನೊಬ್ಬ ಹಾಕುತ್ತಾನೆ ಎಂದುಕೊಂಡು ಹಾಕಿದವರೇ ಹೆಚ್ಚು.

ನೆಲ ಹದ ಮಾಡಿದ ವರ್ಷಗಳು

1935ರ ಸಂವಿಧಾನದ ಪ್ರಕಾರ ಒಬ್ಬರು ಸತತ ಎಂಟು ವರ್ಷಕ್ಕಿಂತ ಹೆಚ್ಚು ಅಧ್ಯಕ್ಷರಾಗಿರುವಂತಿರಲಿಲ್ಲ. ಹಾಗಾಗಿ 1973ರ ಡಿಸೆಂಬರ್‌ನಲ್ಲಿ ಮಾರ್ಕೋಸ್ ಇಳಿಯಲೇಬೇಕಿತ್ತು. ಅದಕ್ಕೂ ಮೊದಲೇ ಅವನ ಜನಪ್ರಿಯತೆ ಕುಸಿದಿತ್ತು. 1969ರ ಚುನಾವಣೆಗೆ ಸರ್ಕಾರದ ಬೊಕ್ಕಸದಿಂದ ಹಣ ಸುರಿದದ್ದರಿಂದ ವಿದೇಶಿ ವಿನಿಮಯ ಬರಿದಾಗಿ, 1970ರ ಆರಂಭದಲ್ಲೇ ಪೆಸೊ ಬೆಲೆ ಇಳಿಸಬೇಕಾಯಿತು. ಬೆಲೆಗಳು ಏರಿದವು, ವಿದ್ಯಾರ್ಥಿಗಳು ಬೀದಿಗಿಳಿದರು. 1969ರಲ್ಲಿ ಹುಟ್ಟಿದ ಕಮ್ಯುನಿಸ್ಟ್ ಗೆರಿಲ್ಲಾ ಪಡೆ ಇನ್ನೂ ಚಿಕ್ಕದು. ದಕ್ಷಿಣದ ಮಿಂಡನಾವೊ ದ್ವೀಪದಲ್ಲಿ ಮುಸ್ಲಿಮರು ಮತ್ತು ವಲಸೆ ಬಂದ ಕ್ರೈಸ್ತರ ನಡುವೆ ರಕ್ತಪಾತ ನಡೆದಿತ್ತು. ಜನರಲ್ಲಿ ಭಯವಿತ್ತು, ಆ ಭಯಕ್ಕೆ ಕಾರಣವೂ ಇತ್ತು.

ಅದೇ ಸಂವಿಧಾನದಲ್ಲಿ ಇನ್ನೊಂದು ವಿಧಿ ಇತ್ತು. ಆಕ್ರಮಣ, ದಂಗೆ ಅಥವಾ ಅವುಗಳ ಸನ್ನಿಹಿತ ಅಪಾಯ ಇದ್ದಾಗ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಧ್ಯಕ್ಷ ಅಮಾನತುಗೊಳಿಸಬಹುದು, ದೇಶವನ್ನು ಮಾರ್ಷಲ್ ಲಾ ಅಡಿ ತರಬಹುದು. ಎಷ್ಟು ದಿನ, ಯಾರನ್ನು ಕೇಳಿ, ಕಾಂಗ್ರೆಸ್ ಅದನ್ನು ರದ್ದು ಮಾಡಬಹುದೇ ಎಂಬುದು ಅಲ್ಲಿರಲಿಲ್ಲ. ವಕೀಲನ ಕಣ್ಣಿಗೆ ಈ ಮೌನ ಕಾಣಿಸದೆ ಹೋಗುವುದಿಲ್ಲ.

1971ರ ಆಗಸ್ಟ್ 21ರಂದು ಮನಿಲಾದ ಪ್ಲಾಜಾ ಮಿರಾಂಡಾದಲ್ಲಿ ವಿರೋಧಿ ಲಿಬರಲ್ ಪಕ್ಷದ ಚುನಾವಣಾ ಸಭೆಯ ಮೇಲೆ ಗ್ರೆನೇಡ್‌ಗಳು ಬಿದ್ದು ಒಂಬತ್ತು ಜನ ಸತ್ತರು, ವೇದಿಕೆಯ ಮೇಲಿದ್ದ ನಾಯಕರೂ ಸೇರಿ ಹಲವರು ಗಾಯಗೊಂಡರು. ಯಾರು ಎಸೆದರು ಎಂಬ ವಾದ ಇಂದಿಗೂ ಮುಗಿದಿಲ್ಲ. ಮಾರ್ಕೋಸ್ ಕಮ್ಯುನಿಸ್ಟರ ಕಡೆ ಬೆರಳು ತೋರಿಸಿ ಹೇಬಿಯಸ್ ಕಾರ್ಪಸ್ ಅಮಾನತುಗೊಳಿಸಿದ. ಜನ ಅವನನ್ನೇ ಅನುಮಾನಿಸಿದರು. ಆ ನವೆಂಬರ್‌ನಲ್ಲಿ ಎಂಟು ಸೆನೆಟ್ ಸ್ಥಾನಗಳಲ್ಲಿ ಆರು ಲಿಬರಲ್ ಪಕ್ಷಕ್ಕೆ ಹೋದವು. ಚುನಾವಣೆಯ ದಾರಿ ಮುಚ್ಚಿಹೋಗಿದೆ ಎಂಬುದು ಅವನಿಗೆ ಅಂದೇ ಖಚಿತವಾಗಿರಬೇಕು.

ಮುಂದಿನ ವರ್ಷ ಮನಿಲಾದಲ್ಲಿ ಮೇಲಿಂದ ಮೇಲೆ ಬಾಂಬುಗಳು ಸಿಡಿದವು. ಸೆಪ್ಟೆಂಬರ್ 13ರಂದು ಅಕಿನೊ ಸೆನೆಟ್‌ನಲ್ಲಿ ಎದ್ದು ನಿಂತು, ಮಾರ್ಷಲ್ ಲಾ ಹೇರುವ ಗುಪ್ತ ಸೇನಾ ಯೋಜನೆಯನ್ನು ಹೆಸರು ಸಹಿತ ಬಯಲು ಮಾಡಿದರು. ಪತ್ರಿಕೆಗಳಲ್ಲೂ ಬಂತು. ಹತ್ತು ದಿನದ ನಂತರ ಅದು ಜಾರಿಗೆ ಬಂದಾಗ ತಡೆಯುವವರಿರಲಿಲ್ಲ. ಗೊತ್ತಿಲ್ಲದ್ದರಿಂದ ಮೋಸಹೋದೆವು ಎಂದು ಆ ದೇಶದ ರಾಜಕಾರಣಿಗಳು ಹೇಳುವಂತಿಲ್ಲ. ತಮ್ಮ ದೇಶದಲ್ಲಿ ಅದು ಸಾಧ್ಯವಿಲ್ಲ ಎಂದೇ ಅವರು ನಂಬಿದ್ದರು.

ಸೆಪ್ಟೆಂಬರ್ 22ರ ರಾತ್ರಿ ರಕ್ಷಣಾ ಸಚಿವ ಹುವಾನ್ ಪೊನ್ಸೆ ಎನ್ರಿಲೆ ಅವರ ಕಾರಿನ ಮೇಲೆ ಗುಂಡಿನ ದಾಳಿಯಾಯಿತು. ಅವರು ಆ ಕಾರಿನಲ್ಲಿರಲಿಲ್ಲ. ಮಾರ್ಷಲ್ ಲಾಗೆ ಕೊನೆಯ ಕಾರಣ ಎಂದು ಮಾರ್ಕೋಸ್ ತೋರಿಸಿದ್ದು ಇದನ್ನೇ. ಆದರೆ ಘೋಷಣೆ 1081ರ ಮೇಲಿನ ತಾರೀಖು ಸೆಪ್ಟೆಂಬರ್ 21. ಕಾರಣ ಹುಟ್ಟುವುದಕ್ಕೆ ಒಂದು ದಿನ ಮೊದಲೇ ಆದೇಶ ಹುಟ್ಟಿತ್ತು. ಆ ದಾಳಿ ನಾಟಕವಾಗಿತ್ತು ಎಂದು 1986ರ ಫೆಬ್ರವರಿಯಲ್ಲಿ ಸ್ವತಃ ಎನ್ರಿಲೆ ಪತ್ರಕರ್ತರೆದುರು ಒಪ್ಪಿಕೊಂಡರು, ಬಹಳ ವರ್ಷಗಳ ನಂತರ ಆತ್ಮಕಥೆಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು.

ಹೌದು ಎಂದವರಿಗೆ ಕುರ್ಚಿ

ಮಾರ್ಷಲ್ ಲಾ ತಾತ್ಕಾಲಿಕ. ಅದನ್ನು ಶಾಶ್ವತ ಮಾಡಲು ಹೊಸ ಸಂವಿಧಾನವೇ ಬೇಕು. ಮಾರ್ಕೋಸ್ ಆಳ್ವಿಕೆಯಿಂದ ಕಲಿಯಬೇಕಾದದ್ದು ಹೆಚ್ಚಾಗಿ ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

1970ರಲ್ಲೇ ಜನ 320 ಪ್ರತಿನಿಧಿಗಳನ್ನು ಆರಿಸಿ ಸಂವಿಧಾನ ಸಮಾವೇಶಕ್ಕೆ ಕಳಿಸಿದ್ದರು. ಮಾರ್ಕೋಸ್ ಮತ್ತು ಅವನ ಹೆಂಡತಿ ಮುಂದೆ ಅಧಿಕಾರಕ್ಕೆ ಬರಬಾರದು ಎಂಬ ನಿಯಮ ಸೇರಿಸಲು ಅಲ್ಲಿ ಒಂದು ಗುಂಪು ಹೋರಾಡುತ್ತಿತ್ತು. ಮಾರ್ಷಲ್ ಲಾ ಬಂದೊಡನೆ ಕೆಲವು ಪ್ರತಿನಿಧಿಗಳು ಜೈಲಿಗೆ ಹೋದರು, ಕೆಲವರು ತಲೆಮರೆಸಿಕೊಂಡರು. ಉಳಿದವರ ಮುಂದೆ ಹೊಸ ಕರಡು ಬಂತು. ಅದರ ಪರಿವರ್ತನಾ ಕಾಲದ ನಿಯಮಗಳಲ್ಲಿ ಎರಡು ಸಂಗತಿಗಳಿದ್ದವು. ಒಂದು, ಈಗಿನ ಅಧ್ಯಕ್ಷನೇ ಅಧ್ಯಕ್ಷನ ಮತ್ತು ಪ್ರಧಾನಿಯ ಅಧಿಕಾರವನ್ನು ಒಟ್ಟಿಗೆ ಚಲಾಯಿಸುತ್ತಾನೆ. ಅವನು ಹೊರಡಿಸಿದ ಆಜ್ಞೆಗಳೆಲ್ಲ ಕಾನೂನು. ಇನ್ನೊಂದು, ಮಧ್ಯಂತರ ಶಾಸನಸಭೆಯೊಂದು ಇರುತ್ತದೆ, ಈ ನಿಯಮಗಳ ಪರವಾಗಿ ಮತ ಹಾಕಿದ ಪ್ರತಿನಿಧಿಗಳು ಮಾತ್ರ ಅದರ ಸದಸ್ಯರಾಗುತ್ತಾರೆ. ಬೀಗ ಬಿದ್ದ ಕಾಂಗ್ರೆಸ್‌ನ ಸೆನೆಟರುಗಳು ಮತ್ತು ಪ್ರತಿನಿಧಿಗಳು ಕೂಡ, ಬರೆದುಕೊಟ್ಟರೆ, ಅದರೊಳಗೆ ಬರಬಹುದು.

ಮತ ವಿರುದ್ಧ ಹಾಕಿದರೆ ಜೈಲಿನ ಭಯ. ಪರವಾಗಿ ಹಾಕಿದರೆ ಚುನಾವಣೆಯ ತಾಪತ್ರಯವಿಲ್ಲದ ಶಾಸಕ ಸ್ಥಾನ. 1972ರ ನವೆಂಬರ್ 29ರಂದು ಭಾರೀ ಬಹುಮತದಿಂದ ಕರಡು ಅಂಗೀಕಾರವಾಯಿತು. ಕಾಂಗ್ರೆಸ್ ಸದಸ್ಯರಲ್ಲೂ ಬಹುಪಾಲು ಜನ ಬರೆದುಕೊಟ್ಟರು. ತಮ್ಮದೇ ಸದನಕ್ಕೆ ಬೀಗ ಜಡಿದವನ ವಿರುದ್ಧ ನ್ಯಾಯಾಲಯಕ್ಕೆ ಹೋಗಬೇಕಾದವರು ಅವನು ಕೊಡಲಿರುವ ಕುರ್ಚಿಗೆ ಕಾದು ಕೂತರು. ಆ ಮಧ್ಯಂತರ ಶಾಸನಸಭೆಯನ್ನು ಮಾರ್ಕೋಸ್ ಒಂದು ದಿನವೂ ಕರೆಯಲಿಲ್ಲ. 1976ರಲ್ಲಿ ಅದನ್ನು ಸಂವಿಧಾನದಿಂದಲೇ ತೆಗೆದುಹಾಕಿಸಿದ.

ಕರಡಿಗೆ ಜನಮತ ಬೇಕಿತ್ತು. 1973ರ ಜನವರಿ 15ಕ್ಕೆ ಗುಪ್ತ ಮತದಾನ ಎಂದು ಗೊತ್ತುಮಾಡಿ, ಆಮೇಲೆ ಅದನ್ನು ಮುಂದೂಡಲಾಯಿತು. ಅದರ ಬದಲಿಗೆ ಊರೂರುಗಳಲ್ಲಿ ನಾಗರಿಕ ಸಭೆಗಳನ್ನು ಕರೆದು, 15 ವರ್ಷ ತುಂಬಿದವರಿಂದ ಹಿಡಿದು ಎಲ್ಲರಿಂದ ಕೈ ಎತ್ತಿಸಲಾಯಿತು. ಒಪ್ಪಿಗೆಯೇ ಎಂಬ ಪ್ರಶ್ನೆಯ ಜೊತೆಗೆ, ಇನ್ನೂ ಮತದಾನ ಬೇಕೇ ಎಂಬ ಪ್ರಶ್ನೆಯೂ ಇತ್ತು. ಪರವಾಗಿ 1,49,76,561, ವಿರುದ್ಧವಾಗಿ 7,43,869 ಎಂದು ಸರ್ಕಾರ ಲೆಕ್ಕ ಕೊಟ್ಟಿತು. ಇದೆಲ್ಲ ಕಾನೂನಿಗೆ ಹೊರತು ಎಂಬ ಅರ್ಜಿಗಳ ವಿಚಾರಣೆ ಸುಪ್ರೀಂ ಕೋರ್ಟ್‌ನಲ್ಲಿ ನಡೆಯುತ್ತಿದ್ದಾಗಲೇ, ಜನವರಿ 17ರಂದು, ಹೊಸ ಸಂವಿಧಾನ ಜಾರಿಗೆ ಬಂದಿದೆ ಎಂಬ ಘೋಷಣೆಯ ಪ್ರತಿಯನ್ನು ಕಾನೂನು ಸಚಿವರು ತಂದು ಮುಖ್ಯ ನ್ಯಾಯಮೂರ್ತಿಗಳ ಕೈಗಿತ್ತರು.

ಮಾರ್ಚ್ 31ರಂದು, ಈ ಘೋಷಣೆಯನ್ನು ಪ್ರಶ್ನಿಸಿದ ಹವೆಯಾನಾ ಪ್ರಕರಣದ ತೀರ್ಪು ಬಂತು. ಹತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ, ಈ ಸಂವಿಧಾನಕ್ಕೆ ಸರಿಯಾದ ರೀತಿಯಲ್ಲಿ ಜನಮತ ಪಡೆದಿಲ್ಲ ಎಂದರು. ಅದೇ ಪೀಠ ಆರು–ನಾಲ್ಕರ ಬಹುಮತದಿಂದ ಅರ್ಜಿಗಳನ್ನು ವಜಾ ಮಾಡಿ, ಹೊಸ ಸಂವಿಧಾನ ಜಾರಿಯಲ್ಲಿದೆ ಎಂದು ಭಾವಿಸಲು ಇನ್ನು ನ್ಯಾಯಾಲಯದ ಅಡ್ಡಿಯಿಲ್ಲ ಎಂದು ಬರೆಯಿತು. ತಪ್ಪು ಎಂದು ಒಪ್ಪಿಕೊಂಡು, ತಪ್ಪಿಗೆ ಪರಿಹಾರ ಕೊಡಲು ಹಿಂಜರಿದ ತೀರ್ಪು ಅದು. ನ್ಯಾಯಮೂರ್ತಿಗಳ ಕಷ್ಟ ನನಗೆ ಅರ್ಥವಾಗುತ್ತದೆ: ಆದೇಶ ಕೊಟ್ಟು ಅದನ್ನು ಯಾರೂ ಪಾಲಿಸದಿದ್ದರೆ ನ್ಯಾಯಾಲಯದ ಬಣ್ಣ ಬಯಲಾಗುತ್ತದೆ. ಆದರೂ ಅಲ್ಲಿಂದ ಮುಂದೆ ಹದಿಮೂರು ವರ್ಷ ಮಾರ್ಕೋಸ್ ತನ್ನ ಆಳ್ವಿಕೆಯನ್ನು ಸಮರ್ಥಿಸಲು ಎತ್ತಿ ತೋರಿಸಿದ್ದು ಆ ಒಂದು ಸಾಲನ್ನೇ.

ಕೆಳಗಿನ ನ್ಯಾಯಾಲಯಗಳಿಗೆ ಇಷ್ಟು ಶ್ರಮವೂ ಬೇಕಾಗಲಿಲ್ಲ. ಮಾರ್ಷಲ್ ಲಾ ಬಂದ ಕೆಲವೇ ದಿನಗಳಲ್ಲಿ, ಅಧ್ಯಕ್ಷನಿಂದ ನೇಮಕಗೊಂಡ ಅಧಿಕಾರಿಗಳೆಲ್ಲ ರಾಜೀನಾಮೆ ಬರೆದುಕೊಡಬೇಕೆಂಬ ಆದೇಶ ಹೊರಟಿತ್ತು. ಪತ್ರಗಳನ್ನು ಅಂಗೀಕರಿಸದೆ ಇಟ್ಟುಕೊಳ್ಳಬಹುದು, ಬೇಕೆನಿಸಿದ ದಿನ ಅಂಗೀಕರಿಸಬಹುದು. ಯಾರನ್ನೂ ವಜಾ ಮಾಡದೆಯೇ ಎಲ್ಲರನ್ನೂ ಕೈಯಲ್ಲಿಟ್ಟುಕೊಳ್ಳುವ ಉಪಾಯವಿದು.

ಮೊದಲ ವರ್ಷಗಳ ಸಮಾಧಾನ

ಜನ ಏಕೆ ಸಹಿಸಿಕೊಂಡರು ಎಂದು ಕೇಳುವವರು ಒಂದು ಸತ್ಯವನ್ನು ಮರೆಯಬಾರದು. ಮೊದಲ ಒಂದೆರಡು ವರ್ಷ ಬಹಳ ಜನಕ್ಕೆ ಮಾರ್ಷಲ್ ಲಾ ಹಿತವೆನಿಸಿತು. ರಾಜಕಾರಣಿಗಳ ಖಾಸಗಿ ಗೂಂಡಾ ಪಡೆಗಳಿಂದ ಲಕ್ಷಾಂತರ ಬಂದೂಕುಗಳು ಜಪ್ತಿಯಾದವು. ನಡುರಾತ್ರಿಯಿಂದ ನಸುಕಿನವರೆಗೆ ಕರ್ಫ್ಯೂ. ಅಪರಾಧ ಇಳಿಯಿತು, ಬೀದಿಗಳು ಚೊಕ್ಕಟವಾದವು. 1973ರ ಜನವರಿಯಲ್ಲಿ ಹೆರಾಯಿನ್ ದಂಧೆಯವನೊಬ್ಬನನ್ನು ಜನರೆದುರೇ ಗುಂಡಿಟ್ಟು ಕೊಲ್ಲಲಾಯಿತು. ಭತ್ತ ಮತ್ತು ಮೆಕ್ಕೆಜೋಳದ ಗೇಣಿದಾರರಿಗೆ ಭೂಮಿ ಕೊಡುವ ಆಜ್ಞೆ ಮಾರ್ಷಲ್ ಲಾದ ಮೊದಲ ತಿಂಗಳಲ್ಲೇ ಹೊರಟಿತು. ಮನಿಲಾದಲ್ಲಿದ್ದ ಅಮೆರಿಕದ ವರ್ತಕರ ಸಂಘ ಕೆಲವೇ ದಿನಗಳಲ್ಲಿ ಅಭಿನಂದನೆಯ ತಂತಿ ಕಳಿಸಿತು. 1974ರಲ್ಲಿ ಮಿಸ್ ಯೂನಿವರ್ಸ್ ಸ್ಪರ್ಧೆ, 1975ರಲ್ಲಿ ಮುಹಮ್ಮದ್ ಅಲಿ–ಜೋ ಫ್ರೇಸಿಯರ್ ಮುಷ್ಟಿಯುದ್ಧ ಮನಿಲಾದಲ್ಲೇ ನಡೆದವು. ಹೊರಗಿನವರ ಕಣ್ಣಿಗೆ ದೇಶ ನಗುತ್ತಿರುವಂತೆ ಕಂಡಿತು.

ಪತ್ರಿಕೆಗಳಿದ್ದಿದ್ದರೆ ಇನ್ನೊಂದು ಚಿತ್ರವೂ ಕಾಣುತ್ತಿತ್ತು. ಭೂಸುಧಾರಣೆಯಲ್ಲಿ ಕಬ್ಬು, ತೆಂಗಿನ ತೋಟಗಳು ಸೇರಿರಲಿಲ್ಲ. ಅಂದರೆ ದೊಡ್ಡ ಜಮೀನ್ದಾರರ ಬಹುಪಾಲು ನೆಲ ಹಾಗೇ ಉಳಿಯಿತು.

ದೇಶದ ಬಾಯಿ ಮುಚ್ಚಿಸುವ ಕೆಲಸ ಆಸ್ತಿಯ ಕೈಬದಲಾವಣೆಯೂ ಆಗಿತ್ತು. ಲೋಪೆಸ್ ಮನೆತನಕ್ಕೆ ಅತಿ ದೊಡ್ಡ ಟೀವಿ ಜಾಲ ಎಬಿಎಸ್–ಸಿಬಿಎನ್, ಒಂದು ಪತ್ರಿಕೆ ಮತ್ತು ಮನಿಲಾಕ್ಕೆ ವಿದ್ಯುತ್ ಕೊಡುವ ಮೆರಾಲ್ಕೊ ಕಂಪನಿ ಸೇರಿದ್ದವು. ಆ ಮನೆತನದ ಫರ್ನಾಂಡೊ ಲೋಪೆಸ್ ಮಾರ್ಕೋಸನ ಉಪಾಧ್ಯಕ್ಷರೇ ಆಗಿದ್ದರು. ನಂಟು 1971ರಲ್ಲಿ ಮುರಿದಿತ್ತು. ಮಾರ್ಷಲ್ ಲಾ ಬಂದಾಗ ಟೀವಿ ಜಾಲ ಮುಟ್ಟುಗೋಲಾಯಿತು. ಮನೆತನದ ಮಗ ಯುಜೀನಿಯೊ ಕಿರಿಯ ಲೋಪೆಸ್ ಜೈಲು ಸೇರಿದರು. ಮಗನನ್ನು ಬಿಡುತ್ತಾರೆಂಬ ಆಸೆಗೆ ತಂದೆ ಮೆರಾಲ್ಕೊ ಒಡೆತನವನ್ನು ಕೇವಲ 10,000 ಪೆಸೊ ಮುಂಗಡಕ್ಕೆ ಬಿಟ್ಟುಕೊಟ್ಟರು. ಮಗನನ್ನು ಬಿಡಲಿಲ್ಲ. ತಂದೆ 1975ರಲ್ಲಿ ತೀರಿಕೊಂಡರು. ಮಗ 1977ರಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದರು. ಇಂಥ ಒಂದೇ ಪ್ರಕರಣ ನೋಡಿ ಉಳಿದ ಉದ್ಯಮಿಗಳು ಪಾಠ ಕಲಿತರು. ಪ್ರತಿಯೊಬ್ಬ ಶ್ರೀಮಂತನನ್ನೂ ದೋಚಬೇಕಿಲ್ಲ, ಎಲ್ಲರಿಗಿಂತ ದೊಡ್ಡವನನ್ನು ದೋಚಿದರೆ ಸಾಕು.

ಹಣ ಯಾವ ಕೊಳವೆಯಲ್ಲಿ ಹರಿಯಿತು

ಸರ್ವಾಧಿಕಾರಿಗೆ ತನ್ನವರು ಬೇಕು, ತನ್ನವರಿಗೆ ಹಣ ಬೇಕು. ಸಂಬಳದಿಂದ ಅದು ಆಗುವುದಿಲ್ಲ. ಆದ್ದರಿಂದ ಇಡೀ ಬೆಳೆಗಳನ್ನೇ ಒಬ್ಬೊಬ್ಬರಿಗೆ ಹಂಚಲಾಯಿತು.

ತೆಂಗಿನ ಕತೆ ಕರಾವಳಿಯ, ತುಮಕೂರು–ತಿಪಟೂರು ಕಡೆಯ ನಮ್ಮ ಓದುಗರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೊಬ್ಬರಿ ಮಾರುವ ರೈತರ ಮೇಲೆ ಆಜ್ಞೆಯ ಮೂಲಕ ಒಂದು ವಂತಿಗೆ ಹೇರಲಾಯಿತು. ಬೆಲೆ ಸ್ಥಿರವಾಗಿಡಲು, ತೋಟಗಳನ್ನು ಸುಧಾರಿಸಲು ಎಂಬುದು ಅದರ ಹೆಸರು. ಆ ಹಣದಿಂದ 1975ರಲ್ಲಿ ಒಂದು ಬ್ಯಾಂಕ್ ಕೊಳ್ಳಲಾಯಿತು, ಎಣ್ಣೆ ಗಿರಣಿಗಳನ್ನು ಕೊಳ್ಳಲಾಯಿತು, ಮುಂದೆ ಸ್ಯಾನ್ ಮಿಗೆಲ್ ಎಂಬ ದೈತ್ಯ ಕಂಪನಿಯ ಷೇರುಗಳನ್ನೂ ಕೊಳ್ಳಲಾಯಿತು. ಇವುಗಳ ಹಿಡಿತ ಇದ್ದದ್ದು ಮಾರ್ಕೋಸನ ಆಪ್ತ ಎಡ್ವಾರ್ಡೊ ಕೊಹುವಾಂಕೊ ಕೈಯಲ್ಲಿ. ಬ್ಯಾಂಕು ಒಬ್ಬರದೇ, ಗಿರಣಿ ಒಬ್ಬರದೇ. ಅವರು ಹೇಳಿದ್ದೇ ಕೊಬ್ಬರಿಯ ಬೆಲೆ. ಆ ಷೇರುಗಳ ದೊಡ್ಡ ಪಾಲು ರೈತರ ಹಣದಿಂದ ಬಂದದ್ದು, ರೈತರ ಒಳಿತಿಗೇ ಬಳಕೆಯಾಗಬೇಕು ಎಂದು ಫಿಲಿಪೀನ್ಸ್ ಸುಪ್ರೀಂ ಕೋರ್ಟ್ ಹೇಳಿದ್ದು 2012ರಲ್ಲಿ. ಅದನ್ನು ರೈತರಿಗೆ ತಲುಪಿಸುವ ನಿಧಿಯ ಕಾನೂನು ಬಂದದ್ದು 2021ರಲ್ಲಿ. ವಂತಿಗೆ ಕಟ್ಟಿದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಮಣ್ಣಾಗಿದ್ದರು.

ಸಕ್ಕರೆಯ ವ್ಯಾಪಾರ ಹೀಗೆಯೇ ರೊಬೆರ್ತೊ ಬೆನೆಡಿಕ್ಟೊ ಎಂಬ ಇನ್ನೊಬ್ಬ ಆಪ್ತನಿಗೆ ಹೋಯಿತು. ಎಂಬತ್ತರ ದಶಕದಲ್ಲಿ ಸಕ್ಕರೆ ಬೆಲೆ ಕುಸಿದಾಗ ನೆಗ್ರೋಸ್ ದ್ವೀಪದ ಕಬ್ಬಿನ ಕೂಲಿಗಳ ಮಕ್ಕಳು ಹಸಿವಿನಿಂದ ಸತ್ತರು. ಬಟಾನ್‌ನಲ್ಲಿ ಕಟ್ಟಿದ ಅಣು ವಿದ್ಯುತ್ ಸ್ಥಾವರಕ್ಕೆ 200 ಕೋಟಿ ಡಾಲರ್‌ಗಿಂತ ಹೆಚ್ಚು ಸುರಿದರೂ ಅದು ಒಂದು ಯೂನಿಟ್ ವಿದ್ಯುತ್ತನ್ನೂ ಕೊಡಲಿಲ್ಲ. ಮಾರ್ಕೋಸ್ ದಂಪತಿ 1968ರಲ್ಲೇ ಸ್ವಿಸ್ ಬ್ಯಾಂಕ್‌ನಲ್ಲಿ ವಿಲಿಯಂ ಸಾಂಡರ್ಸ್, ಜೇನ್ ರಯಾನ್ ಎಂಬ ಸುಳ್ಳು ಹೆಸರುಗಳಲ್ಲಿ ಖಾತೆ ತೆರೆದಿದ್ದರು. ಇಬ್ಬರ ನ್ಯಾಯಬದ್ಧ ಸಂಪಾದನೆ ಇಡೀ ಆಳ್ವಿಕೆಯಲ್ಲಿ ಸುಮಾರು 3 ಲಕ್ಷ ಡಾಲರ್ ಎಂದು ಲೆಕ್ಕ ಹಾಕಿದ ಸುಪ್ರೀಂ ಕೋರ್ಟ್, 2003ರಲ್ಲಿ ಸ್ವಿಸ್ ಠೇವಣಿಯ 65.8 ಕೋಟಿ ಡಾಲರನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿತು. ಅದು ಸಿಕ್ಕ ಹಣದ ಲೆಕ್ಕ ಮಾತ್ರ.

ಬಂದೂಕು ಹಿಡಿದವರು, ಬಂದೂಕಿಗೆ ಸಿಕ್ಕವರು

ಸೇನೆಯನ್ನು ಮಾರ್ಕೋಸ್ ಮೊದಲಿನಿಂದಲೂ ಜೋಪಾನವಾಗಿ ನೋಡಿಕೊಂಡಿದ್ದ. 1965ರಲ್ಲಿ ಅಧ್ಯಕ್ಷನಾದಾಗ ರಕ್ಷಣಾ ಖಾತೆಯನ್ನು ಆರಂಭದಲ್ಲಿ ತಾನೇ ಇಟ್ಟುಕೊಂಡಿದ್ದ. ತನ್ನ ಇಲೊಕೊಸ್ ಪ್ರಾಂತ್ಯದ ಅಧಿಕಾರಿಗಳಿಗೆ ಬಡ್ತಿ ಕೊಟ್ಟ. ಮಾರ್ಷಲ್ ಲಾ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಸೇನೆಯ ಗಾತ್ರ ಎರಡು ಪಟ್ಟಾಯಿತು. 1975ರಲ್ಲಿ ಊರುಗಳ ಪೊಲೀಸರನ್ನು ಮೇಯರ್‌ಗಳ ಕೈಯಿಂದ ತಪ್ಪಿಸಿ ಕೇಂದ್ರದ ಪಡೆಗೆ ಸೇರಿಸಲಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬ ಸೇನಾಧಿಕಾರಿಯ ಮೇಲೆ ಇನ್ನೊಬ್ಬನ ಕಣ್ಣಿತ್ತು. ಬಂಧುವೂ ಹಿಂದೆ ಅಂಗರಕ್ಷಕನೂ ಆಗಿದ್ದ ಫೇಬಿಯನ್ ವೆರ್‌ಗೆ ಗುಪ್ತಚರ ಸಂಸ್ಥೆ ಮತ್ತು ಅರಮನೆಯ ಕಾವಲು ಪಡೆ ಎರಡನ್ನೂ ಒಪ್ಪಿಸಿ, 1981ರಲ್ಲಿ ಇಡೀ ಸೇನೆಯ ಮುಖ್ಯಸ್ಥನನ್ನಾಗಿ ಮಾಡಲಾಯಿತು. ನಿಷ್ಠ ಜನರಲ್‌ಗಳಿಗೆ ನಿವೃತ್ತಿಯ ವಯಸ್ಸು ದಾಟಿದರೂ ಸೇವೆ ಮುಂದುವರಿಯಿತು. ಅವರ ಕೆಳಗಿದ್ದ ಕರ್ನಲ್‌ಗಳಿಗೆ ಬಡ್ತಿಯ ದಾರಿ ಮುಚ್ಚಿತು. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಲೆಕ್ಕದಲ್ಲಿ ಸುಮಾರು 70,000 ಜನ ಸೆರೆಯಾದರು, 34,000 ಜನ ಚಿತ್ರಹಿಂಸೆಗೆ ಒಳಗಾದರು, 3,200ಕ್ಕೂ ಹೆಚ್ಚು ಜನ ಕೊಲ್ಲಲ್ಪಟ್ಟರು. ನಾಲ್ಕು ಕೋಟಿಯಷ್ಟಿದ್ದ ಜನಸಂಖ್ಯೆಗೆ ಈ ಸಂಖ್ಯೆ ಚಿಕ್ಕದೆಂದು ವಾದಿಸುವವರಿದ್ದಾರೆ. ಭಯ ಹೇಗೆ ಕೆಲಸ ಮಾಡುತ್ತದೆ ಎಂಬುದು ಅವರಿಗೆ ತಿಳಿದಿಲ್ಲ. ಹಿಂಸೆಯ ಗುರುತಿದ್ದ ಹೆಣಗಳನ್ನು ರಸ್ತೆ ಬದಿಯಲ್ಲಿ, ಜನರ ಕಣ್ಣಿಗೆ ಬೀಳುವಂತೆ ಎಸೆಯುತ್ತಿದ್ದರು. 1977ರಲ್ಲಿ ಆರ್ಕಿಮಿಡೀಸ್ ಟ್ರಹಾನೊ ಎಂಬ ವಿದ್ಯಾರ್ಥಿ ಸಭೆಯೊಂದರಲ್ಲಿ ಮಾರ್ಕೋಸನ ಮಗಳು ಇಮೀಯನ್ನು ಪ್ರಶ್ನಿಸಿದ. ಯುವಜನ ಸಂಘಟನೆಗೆ ಆಕೆಯೇ ಮುಖ್ಯಸ್ಥೆಯಾದದ್ದು ಹೇಗೆ ಎಂಬುದು ಅವನ ಪ್ರಶ್ನೆ. ಅವನನ್ನು ಅಲ್ಲಿಂದ ಎಳೆದೊಯ್ದರು. ಆಮೇಲೆ ಸಿಕ್ಕಿದ್ದು ಹೆಣ. ಒಬ್ಬ ಹುಡುಗನ ಸಾವು ದೇಶದ ಸಾವಿರ ಸಭೆಗಳಲ್ಲಿ ಕೈ ಎತ್ತಬೇಕೆಂದಿದ್ದವರ ಕೈಯನ್ನು ಕೆಳಗಿಳಿಸುತ್ತದೆ.

ಇಷ್ಟಾದರೂ ಚುನಾವಣೆಗಳು ನಿಲ್ಲಲಿಲ್ಲ. 1978ರ ಏಪ್ರಿಲ್‌ನಲ್ಲಿ ಶಾಸನಸಭೆಗೆ ಚುನಾವಣೆ ನಡೆದಾಗ ಅಕಿನೊ ಜೈಲಿನಿಂದಲೇ ಮನಿಲಾದ ಪಟ್ಟಿಯ ಮುಂದಾಳಾಗಿ ನಿಂತರು. ಎದುರಿಗೆ ಮಾರ್ಕೋಸನ ಹೆಂಡತಿ ಇಮೆಲ್ಡಾ. ಮತದಾನದ ಹಿಂದಿನ ರಾತ್ರಿ ಮನಿಲಾದ ಜನ ಪಾತ್ರೆ ಬಡಿದು, ಕಾರಿನ ಹಾರನ್ ಒತ್ತಿ, ಚರ್ಚಿನ ಗಂಟೆ ಬಾರಿಸಿ ಇಡೀ ನಗರವನ್ನು ಮೊಳಗಿಸಿದರು. ಮರುದಿನದ ಎಣಿಕೆಯಲ್ಲಿ 21ಕ್ಕೆ 21 ಸ್ಥಾನವೂ ಇಮೆಲ್ಡಾ ಪಟ್ಟಿಗೆ ಹೋಯಿತು. ಫಲಿತಾಂಶ ಮೊದಲೇ ಗೊತ್ತಿರುವ ಚುನಾವಣೆ ಏಕೆ ಬೇಕು? ಹೊರದೇಶಗಳಿಗೆ ತೋರಿಸಲು ಎಂಬುದು ಅರ್ಧ ಉತ್ತರ. ಯಾವ ಊರಿನಲ್ಲಿ ಯಾರು ಮತ ತಂದರು, ಯಾರು ತರಲಿಲ್ಲ ಎಂದು ತನ್ನವರನ್ನೇ ಅಳೆಯಲು ಅದು ಒದಗುತ್ತದೆ. ಸೋತವರ ಮನಸ್ಸಿನಲ್ಲಿ, ನಾವು ಬೆರಳೆಣಿಕೆಯ ಜನ ಎಂಬ ಭಾವ ಬಿತ್ತಲೂ ಒದಗುತ್ತದೆ.

1981ರ ಜನವರಿಯಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಬರುವ ಕೆಲವು ವಾರ ಮೊದಲು, ಮಾರ್ಷಲ್ ಲಾ ತೆಗೆಯಲಾಯಿತು. ಆಜ್ಞೆಗಳ ಮೂಲಕ ಕಾನೂನು ಮಾಡುವ ಅಧಿಕಾರ 1976ರ ಆರನೇ ತಿದ್ದುಪಡಿಯಿಂದ ಮಾರ್ಕೋಸನಲ್ಲೇ ಉಳಿದಿತ್ತು. ಕ್ಲಾರ್ಕ್ ವಾಯುನೆಲೆ ಮತ್ತು ಸೂಬಿಕ್ ನೌಕಾನೆಲೆ ಬೇಕಾಗಿದ್ದ ಅಮೆರಿಕ, ಬಾಡಿಗೆಗೆ ಬದಲಾಗಿ ಐದು ವರ್ಷಕ್ಕೆ 50 ಕೋಟಿ ಡಾಲರ್ ನೆರವು ಕೊಡಲು 1979ರಲ್ಲಿ ಒಪ್ಪಿ, ಉಳಿದದ್ದನ್ನು ನೋಡದೆ ಕೂತಿತು.

ಸಹಿ ಸಿಗದೆ ಹೋದ ವಾರಗಳು

ಅಷ್ಟರಲ್ಲಿ ಜೈಲಿನಿಂದ ಹೊರಬಂದು ಅಮೆರಿಕ ಸೇರಿದ್ದ ಅಕಿನೊ 1983ರ ಆಗಸ್ಟ್ 21ರಂದು ಮರಳಿದಾಗ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲಿ, ಸೈನಿಕರ ಕಾವಲಿನಲ್ಲಿದ್ದಾಗಲೇ, ಗುಂಡಿಟ್ಟು ಕೊಲ್ಲಲಾಯಿತು. ಅಂತ್ಯಯಾತ್ರೆಗೆ ಲಕ್ಷಾಂತರ ಜನ ಸೇರಿದರು. ವಿದೇಶಿ ಬ್ಯಾಂಕುಗಳು ಹೆದರಿ ಸಾಲ ನಿಲ್ಲಿಸಿದವು. ಆ ಅಕ್ಟೋಬರ್‌ನಲ್ಲಿ ದೇಶ ಸಾಲದ ಕಂತು ಕಟ್ಟಲಾರೆ ಎಂದಿತು. ಮುಂದಿನ ಎರಡು ವರ್ಷ ಆರ್ಥಿಕತೆ ವರ್ಷಕ್ಕೆ ಸುಮಾರು ಶೇ 7ರಷ್ಟು ಕುಗ್ಗಿತು. ಹಂಚಲು ಹಣವಿಲ್ಲದಾಗ ನಿಷ್ಠೆಯೂ ತೆಳುವಾಯಿತು. ಮೂತ್ರಪಿಂಡದ ಕಾಯಿಲೆಯಿಂದ ಮಾರ್ಕೋಸ್ ಬಳಲುತ್ತಿದ್ದದ್ದರಿಂದ, ಮುಂದೆ ಯಾರು ಎಂಬ ಲೆಕ್ಕಾಚಾರ ಅರಮನೆಯಲ್ಲೇ ಶುರುವಾಗಿತ್ತು. ಬಡ್ತಿ ಸಿಗದ ಕರ್ನಲ್‌ಗಳು ಎನ್ರಿಲೆ ಸುತ್ತ ಗುಂಪು ಕಟ್ಟಿಕೊಂಡರು.

ತನ್ನ ಬಲ ತೋರಿಸಲೆಂದು ಮಾರ್ಕೋಸ್ 1986ರ ಫೆಬ್ರವರಿ 7ಕ್ಕೆ ದಿಢೀರ್ ಚುನಾವಣೆ ಘೋಷಿಸಿದ. ಎದುರಾಳಿ, ಅಕಿನೊ ಅವರ ಪತ್ನಿ ಕೊರಾಸೊನ್. ಫೆಬ್ರವರಿ 9ರ ರಾತ್ರಿ ಚುನಾವಣಾ ಆಯೋಗದ ಎಣಿಕೆ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ 35 ಮಂದಿ ಎದ್ದು ಹೊರನಡೆದರು. ತಾವು ತುಂಬಿದ ಅಂಕಿಗಳೇ ಬೇರೆ, ಫಲಕದ ಮೇಲೆ ಬರುತ್ತಿರುವುದೇ ಬೇರೆ ಎಂಬುದು ಅವರ ದೂರು. ಹೆಚ್ಚಿನವರು ಯುವತಿಯರು. ಹದಿಮೂರು ವರ್ಷ ಹಿಂದೆ ಸುಪ್ರೀಂ ಕೋರ್ಟ್ ಮಾಡಲಾಗದ್ದನ್ನು ಅವರು ಮಾಡಿದರು: ಸುಳ್ಳು ಲೆಕ್ಕದ ಕೆಳಗೆ ತಮ್ಮ ಹೆಸರು ಬೇಡ ಎಂದರು.

ಫೆಬ್ರವರಿ 22ರಂದು, ಬಂಧನವಾಗುವ ಸುಳಿವು ಸಿಕ್ಕ ಎನ್ರಿಲೆ, ಸೇನೆಯ ಉಪಮುಖ್ಯಸ್ಥ ಫಿಡೆಲ್ ರಾಮೋಸ್ ಜೊತೆ ಸೇನಾ ಶಿಬಿರದೊಳಗೆ ಕೂತು ಮಾರ್ಕೋಸನನ್ನು ಒಪ್ಪುವುದಿಲ್ಲವೆಂದರು. ಅವರ ಬಳಿ ಇದ್ದದ್ದು ಕೆಲವು ನೂರು ಸೈನಿಕರು. ಕಾರ್ಡಿನಲ್ ಹೈಮೆ ಸಿನ್ ರೇಡಿಯೊ ವೆರಿತಾಸ್ ಮೂಲಕ ಕರೆ ಕೊಟ್ಟರು. ಎಡ್ಸಾ ಹೆದ್ದಾರಿಯಲ್ಲಿ ಜನಸಾಗರ ಸೇರಿತು. ಟ್ಯಾಂಕುಗಳ ಮುಂದೆ ಜನ ಮಂಡಿಯೂರಿದರು, ಚಾಲಕರು ಮುಂದುವರಿಯಲಿಲ್ಲ. 24ರಂದು ಶಿಬಿರದ ಮೇಲೆ ದಾಳಿಗೆ ಬಂದ ಹೆಲಿಕಾಪ್ಟರ್‌ಗಳು ಒಳಗಿಳಿದು ಬಂಡಾಯಗಾರರನ್ನೇ ಸೇರಿಕೊಂಡವು. ಫಿರಂಗಿ ಹಾರಿಸುವ ಆದೇಶ ಪಡೆದ ಕರ್ನಲ್ ಬಾಲ್ಬಾಸ್, ಫಿರಂಗಿಗಳನ್ನು ಇನ್ನೂ ಹೊಂದಿಸುತ್ತಿದ್ದೇವೆ ಎಂದು ಮತ್ತೆ ಮತ್ತೆ ಉತ್ತರಿಸಿ ಹೊತ್ತು ಕಳೆದ. 25ರ ರಾತ್ರಿ ಅಮೆರಿಕದ ಹೆಲಿಕಾಪ್ಟರ್ ಮಾರ್ಕೋಸ್ ಕುಟುಂಬವನ್ನು ಅರಮನೆಯಿಂದ ಒಯ್ದಿತು. 1989ರಲ್ಲಿ ಆತ ಹವಾಯಿಯಲ್ಲಿ ಸತ್ತ. ದೇಶದ ತಲೆಯ ಮೇಲೆ ಸುಮಾರು 2,600 ಕೋಟಿ ಡಾಲರ್ ವಿದೇಶಿ ಸಾಲ ಉಳಿದಿತ್ತು.

ಮನಿಲಾದಲ್ಲಿ ಪತ್ರಿಕೆ ಬರದೆ ಹೋದ ಸುಮಾರು ಮೂರು ವರ್ಷಕ್ಕೆ, 1975ರ ಜೂನ್ 25ರ ರಾತ್ರಿ, ನಮ್ಮಲ್ಲಿ ತುರ್ತುಪರಿಸ್ಥಿತಿ ಹೇರಿದಾಗ, ದೆಹಲಿಯ ಪತ್ರಿಕಾ ಕಚೇರಿಗಳ ವಿದ್ಯುತ್ ಕಡಿತವಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ ಮತ್ತು ಅಡ್ವಾಣಿ ಮರುದಿನ ಇಲ್ಲೇ ಬಂಧಿತರಾದರು. ಇಂಥ ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು ಎಂದ ಹೈಕೋರ್ಟ್‌ಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ಆ ಹೈಕೋರ್ಟ್‌ಗಳ ನಿಲುವನ್ನು ತಳ್ಳಿಹಾಕಿತು. ಒಪ್ಪದ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ತುರ್ತುಪರಿಸ್ಥಿತಿಯನ್ನು ಮಾರ್ಕೋಸ್ ಆಳ್ವಿಕೆಗೆ ಸಮ ಎಂದು ನಾನು ಹೇಳುವುದಿಲ್ಲ. ಅದು 21 ತಿಂಗಳಲ್ಲಿ ಮುಗಿಯಿತು, ನಿಜವಾದ ಚುನಾವಣೆ ನಡೆಯಿತು, ಆಳುವವರು ಸೋತು ಇಳಿದರು. ಆದರೆ ಹಿಡಿದ ದಾರಿ ಒಂದೇ: ಸಂವಿಧಾನದ ಒಂದು ಸಡಿಲ ವಿಧಿ, ಮಧ್ಯರಾತ್ರಿಯ ಒಂದು ಸಹಿ.

ಎರಡೂ ದೇಶಗಳು ಆಮೇಲೆ ಆ ವಿಧಿಗಳನ್ನು ಬಿಗಿಗೊಳಿಸಿದವು. ನಮ್ಮಲ್ಲಿ 1978ರ 44ನೇ ತಿದ್ದುಪಡಿ, 'ಆಂತರಿಕ ಗಲಭೆ' ಎಂಬ ಕಾರಣವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಮಾಡಿತು. ಸಚಿವ ಸಂಪುಟದ ಲಿಖಿತ ತೀರ್ಮಾನ ಕಡ್ಡಾಯವಾಯಿತು, ಜೀವದ ಹಕ್ಕನ್ನು ಅಮಾನತುಗೊಳಿಸುವಂತಿಲ್ಲ ಎಂದಾಯಿತು. ಫಿಲಿಪೀನ್ಸ್‌ನ 1987ರ ಸಂವಿಧಾನದಲ್ಲಿ ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ. ಮಾರ್ಷಲ್ ಲಾ 60 ದಿನ ಮೀರುವಂತಿಲ್ಲ. ಮುಂದುವರಿಸಬೇಕಾದರೆ ಕಾಂಗ್ರೆಸ್ ಒಪ್ಪಬೇಕು. ಘೋಷಣೆಯಾದ 24 ಗಂಟೆಯೊಳಗೆ, ಯಾರೂ ಕರೆಯದಿದ್ದರೂ, ಕಾಂಗ್ರೆಸ್ ತಾನೇ ಸೇರಬೇಕು. ಯಾವ ಸಾಮಾನ್ಯ ನಾಗರಿಕನಾದರೂ ಸುಪ್ರೀಂ ಕೋರ್ಟ್‌ಗೆ ಹೋಗಬಹುದು, ಕೋರ್ಟ್ 30 ದಿನದಲ್ಲಿ ತೀರ್ಪು ಕೊಡಬೇಕು. 2013ರ ಕಾನೂನಿನಡಿ 11,103 ಜನರನ್ನು ಮಾರ್ಕೋಸ್ ಕಾಲದ ದೌರ್ಜನ್ಯದ ಸಂತ್ರಸ್ತರೆಂದು ಸರ್ಕಾರ ಅಧಿಕೃತವಾಗಿ ಗುರುತಿಸಿ ಪರಿಹಾರ ಕೊಟ್ಟಿತು. 2022ರ ಮೇನಲ್ಲಿ, ಅದೇ ಸಂವಿಧಾನದಡಿ ನಡೆದ ಚುನಾವಣೆಯಲ್ಲಿ, 3.1 ಕೋಟಿಗೂ ಹೆಚ್ಚು ಮತ ಪಡೆದು ಅಧ್ಯಕ್ಷರಾದವರು ಅವನ ಮಗ, ಕಿರಿಯ ಫರ್ಡಿನಾಂಡ್ ಮಾರ್ಕೋಸ್.